ಲಂಟಾನದ ಕುತ್ತಿಗೆ ಎಲ್ಲಿದೆ? ಪೊದೆ ತೆಗೆದು ನೆಲ ಉಳಿಸಿಕೊಳ್ಳುವ ಕೆಲಸ, ಹಂತ ಹಂತವಾಗಿ

ಮಚ್ಚು ಹಿಡಿದು ಲಂಟಾನ ಸವರಿದವರಿಗೆಲ್ಲ ಒಂದು ಅನುಭವ ಆಗಿರುತ್ತದೆ. ಇಡೀ ದಿನ ಬೆವರು ಸುರಿಸಿ, ಕೈ ಮೈ ಗೀರಿಸಿಕೊಂಡು, ಬುಡದವರೆಗೂ ಕಡಿದು ಹಾಕಿರುತ್ತೀರಿ. ಸಂಜೆ ಹೊತ್ತಿಗೆ ನೆಲ ಚೊಕ್ಕವಾಗಿ ಕಾಣುತ್ತದೆ. ಎರಡು ಮಳೆ ಬಿದ್ದ ಮೇಲೆ ಹೋಗಿ ನೋಡಿದರೆ, ಒಂದು ಕಾಂಡ ಇದ್ದ ಕಡೆ ಹತ್ತು ಚಿಗುರು ಎದ್ದಿರುತ್ತದೆ. ನಾನೂ ಎರಡು ವರ್ಷ ಅದೇ ಪೊದೆಗಳನ್ನು ಅದೇ ರೀತಿ ಕಡಿದೆ. ಮೂರನೇ ವರ್ಷ ಅವು ಮೊದಲಿಗಿಂತ ದಟ್ಟವಾಗಿ ನಿಂತಿದ್ದವು. ಆಗ ಗೊತ್ತಾಯಿತು, ನಾನು ಮಾಡುತ್ತಿದ್ದದ್ದು ಬೇಲಿ ಕತ್ತರಿಸಿ ಸೊಂಪಾಗಿಸುವ ಕೆಲಸ.

ಲಂಟಾನ ಸಾಯಬೇಕಾದರೆ ಏಟು ಬೀಳಬೇಕಾದ ಜಾಗ ಬೇರೆಯೇ ಇದೆ. ಅದು ನೆಲದಿಂದ ಎರಡು ಬೆರಳು ಕೆಳಗೆ. ಆ ಏಟು ಬಿದ್ದ ಮೇಲೂ ಎರಡು ಮೂರು ವರ್ಷ ಆ ನೆಲದ ಮೇಲೆ ಕಣ್ಣಿಟ್ಟಿರಬೇಕು. ಈ ಎರಡು ಮಾತನ್ನು ಬಿಡಿಸಿ ಹೇಳುವುದಕ್ಕೇ ಈ ಲೇಖನ. ತೋಟದ ಅಂಚು, ಬದು, ಪಾಳು ಬಿಟ್ಟ ಜಮೀನು, ಹಳ್ಳದ ದಡ, ಇಂಥ ಕಡೆ ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಅರಣ್ಯ ಇಲಾಖೆಯ ಜಾಗದಲ್ಲಿ ಇಲಾಖೆಯ ಅನುಮತಿ ಇಲ್ಲದೆ ಒಂದು ಕಡ್ಡಿಯನ್ನೂ ಮುಟ್ಟಬೇಡಿ. ಅಲ್ಲಿ ಕೆಲಸ ಮಾಡುವ ಆಸೆ ಇದ್ದರೆ ಮೊದಲು ವಲಯ ಅರಣ್ಯಾಧಿಕಾರಿಯನ್ನು ಹೋಗಿ ಕಾಣಿ.

ಮೊದಲು ಗಿಡವನ್ನು ಸರಿಯಾಗಿ ಗುರುತಿಸಿ

ಲಂಟಾನ ಎಂದರೆ ಎಲ್ಲರಿಗೂ ಗೊತ್ತು, ಅಲ್ವಾ? ಚದುರಂಗಿ ಅನ್ನುವವರಿದ್ದಾರೆ, ನಾತದ ಗಿಡ ಅನ್ನುವವರೂ ಇದ್ದಾರೆ. ಆದರೂ ಒಮ್ಮೆ ಹತ್ತಿರ ಹೋಗಿ ನೋಡಿ. ಎಳೆ ಕಾಂಡ ಚೌಕಾಕಾರವಾಗಿರುತ್ತದೆ. ಅದರ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳಿರುತ್ತವೆ. ಎಲೆಗಳು ಎದುರು ಬದುರಾಗಿ ಬಂದಿರುತ್ತವೆ, ಮುಟ್ಟಿದರೆ ಒರಟು, ಅಂಚು ಗರಗಸದಂತೆ. ಉಜ್ಜಿದರೆ ಘಾಟು ವಾಸನೆ. ಒಂದೇ ಗೊಂಚಲಿನಲ್ಲಿ ಎರಡು ಮೂರು ಬಣ್ಣದ ಹೂ ಇರುತ್ತದೆ. ಹೆಚ್ಚಿನ ಬಗೆಗಳಲ್ಲಿ ಹೊಸದಾಗಿ ಅರಳಿದ ಹೂ ಹಳದಿ. ಪರಾಗ ಸೇರಿ ವಯಸ್ಸಾದ ಹಾಗೆ ಅದು ಕಿತ್ತಳೆಗೋ ಗುಲಾಬಿಗೋ ಕೆಂಪಿಗೋ ತಿರುಗುತ್ತದೆ. ಹಸಿರು ಕಾಯಿ ಹಣ್ಣಾದಾಗ ಹೊಳೆಯುವ ಕಪ್ಪು ನೇರಳೆ ಬಣ್ಣಕ್ಕೆ ಬರುತ್ತದೆ.

ಇದು ಇಲ್ಲಿಯ ಗಿಡ ಅಲ್ಲ. ಇದರ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ, ಕೆರಿಬಿಯನ್ ದ್ವೀಪಗಳು. ಹೂವಿನ ಚೆಲುವಿಗೆ ಮರುಳಾಗಿ ಯುರೋಪಿನವರು ತಮ್ಮ ತೋಟಗಳಿಗೆ ಒಯ್ದರು. ಅಲ್ಲಿ ಒಂದಕ್ಕೊಂದು ಬೆರೆಸಿ ನೂರಾರು ಬಗೆ ಮಾಡಿದರು. ಹೀಗೆ ಬೆರೆತು ಗಟ್ಟಿಯಾದ ಗಿಡ 1800ರ ದಶಕದ ಮೊದಲ ವರ್ಷಗಳಲ್ಲಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ಬಂತು. ಮುಂದಿನ ನೂರು ವರ್ಷದಲ್ಲಿ ಅದು ಎಲ್ಲಿಗೆ ತಲುಪಿತು ಎಂದರೆ, ಕೊಡಗಿನ ಕಾಡುಗಳಲ್ಲಿ ಲಂಟಾನ ದೊಡ್ಡ ತೊಂದರೆ ಆಗಿದೆ ಎಂದು 1916ರಲ್ಲೇ ಬರೆದಿಟ್ಟದ್ದಿದೆ. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇವತ್ತು ಇದರ ಹೆಸರೂ ಇದೆ.

ಇಷ್ಟೆಲ್ಲ ಕಷ್ಟಪಟ್ಟು ಯಾಕೆ ತೆಗೆಯಬೇಕು

ಈ ಭಾಗವನ್ನು ದಾಟಿ ಹೋಗಬೇಡಿ. ಗಿಡ ಏನು ಮಾಡುತ್ತಿದೆ ಎಂದು ತಿಳಿದರೆ, ಎಲ್ಲಿ ಶುರು ಮಾಡಬೇಕು ಎನ್ನುವುದು ತಾನಾಗಿ ಹೊಳೆಯುತ್ತದೆ.

ದಟ್ಟ ಲಂಟಾನದ ಒಳಗೆ ಬಗ್ಗಿ ನೋಡಿ. ಮೇಲೆ ಹಸಿರು ಚಾವಣಿ, ಕೆಳಗೆ ಬರಿಯ ಮಣ್ಣು, ಒಣ ಕಡ್ಡಿ. ಹುಲ್ಲಿಲ್ಲ. ಮರದ ಸಸಿ ಇಲ್ಲ. ಬೆಳಕು ನೆಲ ಮುಟ್ಟುವುದಿಲ್ಲ, ಜೊತೆಗೆ ಗಿಡದ ಎಲೆ ಬೇರುಗಳಿಂದ ಬರುವ ರಾಸಾಯನಿಕಗಳು ಬೇರೆ ಬೀಜಗಳ ಮೊಳಕೆಯನ್ನು ಹತ್ತಿಕ್ಕುತ್ತವೆ. ಮೇಲಿನ ಹಳೆಯ ಮರಗಳು ಹಾಗೇ ನಿಂತಿರುವುದರಿಂದ ದೂರದಿಂದ ನೋಡುವವರಿಗೆ ಕಾಡು ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಆದರೆ ಆ ಮರಗಳಿಗೆ ಮಕ್ಕಳಿಲ್ಲ. ಹಳೆಯ ಹೊನ್ನೆ ಬಿದ್ದರೆ ಅದರ ಜಾಗಕ್ಕೆ ಏಳಲು ಎಳೆ ಹೊನ್ನೆ ಇಲ್ಲ. ನನಗೆ ಎಲ್ಲಕ್ಕಿಂತ ಸಂಕಟ ಆಗುವುದು ಇದರಿಂದ.

ಎಷ್ಟು ಬೇಗ ಹಬ್ಬುತ್ತದೆ ಎನ್ನುವುದಕ್ಕೆ ನಮ್ಮ ಬಿಳಿಗಿರಿರಂಗನ ಬೆಟ್ಟದ ಲೆಕ್ಕ ಸಾಕು. 1997ರಲ್ಲಿ ಅಲ್ಲಿ ಎಣಿಸಿದ ಪ್ರತಿ 20 ಕಾಂಡಗಳಲ್ಲಿ ಒಂದು ಲಂಟಾನದ್ದಾಗಿತ್ತು. 2008ರಲ್ಲಿ ಮತ್ತೆ ಎಣಿಸಿದರೆ ಪ್ರತಿ ಮೂರರಲ್ಲಿ ಒಂದು. ಬರೀ 11 ವರ್ಷದಲ್ಲಿ. ಇಡೀ ದೇಶದ ಹುಲಿ ಕಾಡುಗಳ ಸಮೀಕ್ಷೆಯೊಂದು 2020ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಲಂಟಾನ ಸುಮಾರು 1.54 ಲಕ್ಷ ಚದರ ಕಿಲೋಮೀಟರ್ ಕಾಡಿನಲ್ಲಿ ಹಬ್ಬಿದೆ. ಹುಲಿ ಇರುವ ಕಾಡುಗಳಲ್ಲಿ ಶೇಕಡ 40ರಷ್ಟು.

ಹುಲ್ಲು ಹೋದರೆ ಜಿಂಕೆ, ಕಡವೆ, ಕಾಟಿಗಳಿಗೆ ಮೇವು ಹೋಯಿತು. ಮೇವು ಹುಡುಕುತ್ತ ಅವು ಕಾಡಂಚಿಗೆ, ಹೊಲಕ್ಕೆ ಬರುತ್ತವೆ. ಆನೆಗೂ ಹುಲ್ಲು ಬೇಕು, ಬಿದಿರು ಬೇಕು, ಓಡಾಡಲು ದಾರಿ ಬೇಕು. ಮೆಳೆ ಕಟ್ಟಿಕೊಂಡ ಕಡೆ ಮೂರೂ ಇಲ್ಲ. ಕಾಲುದಾರಿಯ ಎರಡೂ ಬದಿಗೆ ಆಳೆತ್ತರದ ಲಂಟಾನ ಇದ್ದರೆ ಮುಂದಿನ ತಿರುವಿನಲ್ಲಿ ಕರಡಿ ಇದೆಯೋ ಆನೆ ಇದೆಯೋ ಮನುಷ್ಯನಿಗೂ ಕಾಣುವುದಿಲ್ಲ. ಕಾಡಂಚಿನ ಜನರ ದಿನದಿನದ ಭಯ ಇದು.

ದನ ಕುರಿಗಳಿಗೆ ಇದು ವಿಷ. ಎಲೆಯಲ್ಲಿರುವ ಲಂಟಾಡಿನ್ ಎಂಬ ವಸ್ತು ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಕಾಮಾಲೆ ಬರುತ್ತದೆ. ಬಿಸಿಲು ತಾಗಿದ ಕಡೆ, ಮೂತಿ, ಕಿವಿ, ಬಿಳಿ ಚರ್ಮ ಇರುವ ಜಾಗ, ಎಲ್ಲ ಊದಿ ಬಿರಿಯುತ್ತದೆ. ಅಲ್ಲೇ ಮೇದು ಬೆಳೆದ ದನಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹೊಸದಾಗಿ ತಂದವು, ಬರಗಾಲದಲ್ಲಿ ಹಸಿದವು ತಿಂದುಬಿಡುತ್ತವೆ. ಈ ಲಕ್ಷಣ ಕಂಡರೆ ದನವನ್ನು ನೆರಳಿಗೆ ಕಟ್ಟಿ, ಕೂಡಲೇ ಪಶುವೈದ್ಯರನ್ನು ಕರೆಸಿ. ಮಕ್ಕಳು ಹಸಿರು ಕಾಯಿ ಬಾಯಿಗೆ ಹಾಕದ ಹಾಗೆ ನೋಡಿಕೊಳ್ಳಿ.

ಇನ್ನು ಬೆಂಕಿ. ಒಣಗಿದ ಲಂಟಾನ ನೆಲದ ಬೆಂಕಿಯನ್ನು ಮರದ ತಲೆಗೆ ಹತ್ತಿಸುವ ಏಣಿ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ನಾಲ್ಕು ಸಾವಿರ ಹೆಕ್ಟೇರಿಗೂ ಜಾಸ್ತಿ ಕಾಡು ಸುಟ್ಟುಹೋಯಿತು. ಅಲ್ಲಿ ಒಣಗಿ ನಿಂತಿದ್ದ ಲಂಟಾನ ಬೆಂಕಿಗೆ ಒಳ್ಳೆಯ ಸೌದೆ ಆಯಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಹಿಂದೆ ತರಗು ಬೆಂಕಿ ಎಂಬ ರೂಢಿ ಇತ್ತು. ಬೇಸಿಗೆ ಬಲಿಯುವ ಮೊದಲೇ ಒಣ ತರಗೆಲೆಗೆ ಸಣ್ಣಗೆ ಬೆಂಕಿ ಕೊಡುತ್ತಿದ್ದರು. ಅದು ನೆಲ ಸವರಿಕೊಂಡು ಹೋಗುತ್ತಿತ್ತು, ದೊಡ್ಡ ಮರಕ್ಕೆ ಏನೂ ಆಗುತ್ತಿರಲಿಲ್ಲ. 1974ರಲ್ಲಿ ಅಲ್ಲಿ ವನ್ಯಧಾಮ ಆಯಿತು, ತರಗು ಬೆಂಕಿ ನಿಂತಿತು. ಅದು ನಿಂತ ಮೇಲೇ ಲಂಟಾನ ಹೀಗೆ ಏರಿದ್ದು ಎಂದು ಸೋಲಿಗರು ಹೇಳುತ್ತಾರೆ. ಎಳೆ ಲಂಟಾನವನ್ನು ಆ ಸಣ್ಣ ಬೆಂಕಿ ತಡೆಯುತ್ತಿತ್ತು ಎನ್ನುವ ಅವರ ಮಾತನ್ನು ನಾನು ಗೌರವದಿಂದ ಕೇಳುತ್ತೇನೆ. ಆದರೆ ಈಗ ಪೊದೆ ಆಳೆತ್ತರ ಬೆಳೆದಿರುವಾಗ ನೀವು ನಾವು ಬೆಂಕಿ ಕೊಟ್ಟರೆ ಅದು ತರಗು ಬೆಂಕಿ ಆಗಿ ಉಳಿಯುವುದಿಲ್ಲ. ಸುಟ್ಟ ಮೇಲೆ ಬುಡದಿಂದ ಮೊದಲು ಚಿಗುರುವುದೂ ಲಂಟಾನವೇ. ಹಾಗಾಗಿ ನಿಂತ ಪೊದೆಗೆ ಬೆಂಕಿ ಬೇಡವೇ ಬೇಡ.

ಕೆಲವರು ಕೇಳುತ್ತಾರೆ, ಇದರ ಮೇಲೆ ಎಷ್ಟು ಚಿಟ್ಟೆ ಕೂರುತ್ತವೆ, ತೆಗೆದರೆ ಅವುಗಳ ಗತಿ ಏನು ಅಂತ. ಒಳ್ಳೆಯ ಪ್ರಶ್ನೆ. ಚಿಟ್ಟೆಗೆ ಮಕರಂದ ಸಿಗುತ್ತದೆ, ನಿಜ. ಆದರೆ ಹೆಚ್ಚಿನ ಚಿಟ್ಟೆಗಳು ಇದರ ಮೇಲೆ ಮೊಟ್ಟೆ ಇಡುವುದಿಲ್ಲ, ಅವುಗಳ ಹುಳುವಿಗೆ ಬೇರೆ ಗಿಡದ ಎಲೆ ಬೇಕು. ಆ ಬೇರೆ ಗಿಡಗಳನ್ನೇ ಲಂಟಾನ ಓಡಿಸುತ್ತಿದೆ. ಪೊದೆಯಲ್ಲಿ ಹಕ್ಕಿ ಗೂಡು ಕಟ್ಟುವುದೂ ಉಂಟು. ಅದಕ್ಕೇ ಎಲ್ಲವನ್ನೂ ಒಂದೇ ಸಲ ಬೋಳು ಮಾಡಬೇಡಿ, ತುಂಡು ತುಂಡಾಗಿ ತೆಗೆಯಿರಿ ಎಂದು ಮುಂದೆ ಹೇಳುತ್ತೇನೆ.

ಗುದ್ದಲಿ ಹಿಡಿಯುವ ಮೊದಲು ಒಂದು ಸುತ್ತು ನಡೆಯಿರಿ

ಒಂದು ಹಾಳೆ, ಒಂದು ಪೆನ್ನು ಸಾಕು. ಜಾಗದ ಒರಟು ನಕ್ಷೆ ಬರೆದುಕೊಳ್ಳಿ. ಅದರಲ್ಲಿ ಮೂರು ಸಂಗತಿ ಗುರುತು ಹಾಕಿ.

ಒಂದು, ಲಂಟಾನ ದಟ್ಟವಾಗಿರುವುದು ಎಲ್ಲಿ, ಚದುರಿರುವುದು ಎಲ್ಲಿ, ಇಲ್ಲದೇ ಇರುವುದು ಎಲ್ಲಿ. ಎರಡು, ನೀರು ಹರಿಯುವ ದಾರಿ. ಹಣ್ಣು ಉದುರಿ ಮಳೆ ನೀರಿನಲ್ಲಿ ಕೆಳಕ್ಕೆ ಹೋಗುತ್ತದೆ, ಹಾಗಾಗಿ ಹಳ್ಳದ ಮೇಲ್ಭಾಗದ ಪೊದೆ ಕೆಳಗಿನ ಎಲ್ಲ ಪೊದೆಗಳ ತಾಯಿ. ಮೂರು, ಹಕ್ಕಿ ಕೂರುವ ಮರಗಳು. ಪಿಕಳಾರಗಳಿಗೆ ಲಂಟಾನದ ಹಣ್ಣು ಬಲು ಇಷ್ಟ. ತಿಂದು ಮರದ ಮೇಲೆ ಕೂತು ಹಿಕ್ಕೆ ಹಾಕುತ್ತವೆ, ಬೀಜ ಮರದ ಬುಡಕ್ಕೆ ಬೀಳುತ್ತದೆ. ಮುಂದೆ ಮೊಳಕೆ ಏಳುವುದು ಅಲ್ಲೇ. ಒಂದು ದೊಡ್ಡ ಪೊದೆ ವರ್ಷಕ್ಕೆ 12 ಸಾವಿರದವರೆಗೂ ಹಣ್ಣು ಬಿಡಬಲ್ಲದು ಎನ್ನುವುದನ್ನು ನೆನಪಿಡಿ.

ನಕ್ಷೆ ಆದ ಮೇಲೆ ಕೈ ಹೋಗುವುದು ದಟ್ಟ ಮೆಳೆಯ ಕಡೆಗೇ. ಸಿಟ್ಟು ಬರುವುದು ಅದರ ಮೇಲೆ ತಾನೇ. ಆದರೆ ಶುರು ಮಾಡಬೇಕಾದ್ದು ಚದುರಿದ ಕಡೆಯಿಂದ. ಅಲ್ಲಿ ಹುಲ್ಲು, ಸಸಿ ಇನ್ನೂ ಉಳಿದಿರುತ್ತವೆ. ನಾಲ್ಕು ಪೊದೆ ತೆಗೆದರೆ ನೆಲ ತಾನೇ ಸುಧಾರಿಸಿಕೊಳ್ಳುತ್ತದೆ. ಹಾಗೆ ಒಳ್ಳೆಯ ಜಾಗವನ್ನು ಮೊದಲು ಭದ್ರ ಮಾಡಿಕೊಂಡು ದಟ್ಟ ಮೆಳೆಯ ಕಡೆಗೆ ಅಂಚಿನಿಂದ ಒತ್ತಿಕೊಂಡು ಹೋಗಿ. ಇಳಿಜಾರಾದರೆ ಮೇಲಿನಿಂದ ಕೆಳಕ್ಕೆ.

ಎಷ್ಟು ಜಾಗ ಒಂದು ಸಲಕ್ಕೆ? ಮುಂದಿನ ಎರಡು ಮಳೆಗಾಲ ನೀವೇ ನಡೆದು ಮೊಳಕೆ ಕೀಳಲು ಆಗುವಷ್ಟು. ಅದಕ್ಕಿಂತ ಒಂದು ಗುಂಟೆಯೂ ಜಾಸ್ತಿ ಬೇಡ.

ಯಾವಾಗ

ಕ್ಯಾಲೆಂಡರಿಗಿಂತ ಗಿಡದ ಹಣ್ಣನ್ನು ನೋಡಿ. ಹಣ್ಣು ತುಂಬಿ ನಿಂತಾಗ ಪೊದೆ ಅಲ್ಲಾಡಿಸಿದರೆ ನೀವೇ ಬಿತ್ತನೆ ಮಾಡಿದ ಹಾಗೆ. ನಮ್ಮ ಕಡೆ ಬೇಸಿಗೆಯಲ್ಲಿ ಒಂದೆರಡು ಅಡ್ಡಮಳೆ ಬಿದ್ದು ಮುಂಗಾರು ಇನ್ನೂ ಕಟ್ಟದ ಹೊತ್ತು ಒಳ್ಳೆಯದು. ಮಣ್ಣು ಮೆತ್ತಗಾಗಿರುತ್ತದೆ, ಗುದ್ದಲಿ ಇಳಿಯುತ್ತದೆ. ಕಿತ್ತ ಪೊದೆ ಒಣಗಲು ಬಿಸಿಲೂ ಇರುತ್ತದೆ. ತೆರವಾದ ನೆಲಕ್ಕೆ ಹುಲ್ಲಿನ ಬೀಜ ಹಾಕಿದರೆ ಮುಂಗಾರು ಅದನ್ನು ಎಬ್ಬಿಸುತ್ತದೆ. ನೀರಿನ ಪಸೆ ಇರುವ ಕಡೆ ಲಂಟಾನ ವರ್ಷವಿಡೀ ಹೂ ಬಿಡುತ್ತದೆ. ಅಂಥ ಕಡೆ ಹಣ್ಣಿನ ಗೊಂಚಲನ್ನು ಮೊದಲು ಕತ್ತರಿಸಿ ಚೀಲಕ್ಕೆ ಹಾಕಿಕೊಂಡು, ಆಮೇಲೆ ಬುಡಕ್ಕೆ ಕೈ ಹಾಕಿ.

ಕುತ್ತಿಗೆಗೆ ಏಟು

ಈಗ ಮುಖ್ಯ ಕೆಲಸ. ಲಂಟಾನದ ಕಾಂಡ ಮುಗಿದು ಬೇರು ಶುರುವಾಗುವ ಜಾಗ ಒಂದಿದೆ. ಗಂಟು ಗಂಟಾಗಿ ದಪ್ಪಗಿರುತ್ತದೆ. ನಾನು ಅದನ್ನು ಕುತ್ತಿಗೆ ಅನ್ನುತ್ತೇನೆ. ಚಿಗುರುವ ಕಣ್ಣುಗಳೆಲ್ಲ ಅಲ್ಲೇ ಇರುವುದು. ಕಾಂಡವನ್ನು ಎಷ್ಟು ಕೆಳಗೆ ಕಡಿದರೂ ಕುತ್ತಿಗೆ ಉಳಿದರೆ ಗಿಡ ಉಳಿಯಿತು. ಕುತ್ತಿಗೆ ಹೋದರೆ ಕೆಳಗಿನ ಬೇರಿಗೆ ಸಾಮಾನ್ಯವಾಗಿ ಚಿಗುರುವ ಶಕ್ತಿ ಇರುವುದಿಲ್ಲ, ಮಣ್ಣಿನಲ್ಲೇ ಕೊಳೆಯುತ್ತದೆ.

ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಅವರ ಜೊತೆಗಾರರು ಇದನ್ನೇ ಗಮನಿಸಿ ಒಂದು ಸರಳ ವಿಧಾನ ರೂಪಿಸಿದರು. ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಅದನ್ನು ಮಾಡಿ ತೋರಿಸಿದರು. ತಾಯಿಬೇರನ್ನು ನೆಲದ ಮಟ್ಟದಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ ಕತ್ತರಿಸುವುದು, ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಡುವುದು. ಇಷ್ಟೇ. ಯಂತ್ರ ಬೇಡ, ಔಷಧಿ ಬೇಡ.

ಮಾಡುವ ರೀತಿ ಹೀಗೆ. ಗಟ್ಟಿ ಬೂಟು, ಉದ್ದ ತೋಳಿನ ಅಂಗಿ, ಚರ್ಮದ ಕೈಗವಸು ಹಾಕಿಕೊಳ್ಳಿ. ಒಬ್ಬರೇ ಹೋಗಬೇಡಿ, ಇಬ್ಬರು ಬೇಕು, ಮೂವರಿದ್ದರೆ ಚೆಂದ. ಪೊದೆಯನ್ನು ಉದ್ದ ಕೋಲಿನಿಂದ ಬಡಿದು ಸ್ವಲ್ಪ ಕಾಯಿರಿ. ಹಾವು ಇದ್ದರೆ ಸರಿದು ಹೋಗಲಿ. ಗೂಡು ಇದೆಯೇ ನೋಡಿ. ಮೊಟ್ಟೆ ಮರಿ ಇದ್ದರೆ ಆ ಪೊದೆಯನ್ನು ಮುಂದಿನ ಸಲಕ್ಕೆ ಬಿಡಿ.

ಒಬ್ಬರು ಕವೆಗೋಲಿನಿಂದ ಕೊಂಬೆಗಳನ್ನು ಒಂದು ಪಕ್ಕಕ್ಕೆ ಒತ್ತಿ ಹಿಡಿಯಲಿ. ಬುಡ ಕಾಣಬೇಕು. ಇನ್ನೊಬ್ಬರು ಬುಡದ ಸುತ್ತ ತರಗು ಕೆದರಿ ಮಣ್ಣು ಸರಿಸಲಿ. ಕುತ್ತಿಗೆಯ ಗಂಟು ಕಂಡ ಮೇಲೆ ಅದಕ್ಕಿಂತ ಕೆಳಗೆ ಪಿಕಾಸಿ ಅಥವಾ ಕಿರಿದಾದ ಗುದ್ದಲಿಯಿಂದ ಓರೆಯಾಗಿ ಏಟು ಹಾಕಿ. ಎರಡು ಮೂರು ಏಟಿಗೆ ತಾಯಿಬೇರು ತುಂಡಾಗುತ್ತದೆ. ಹಳೆಯ ಗಿಡವಾದರೆ ಹಾರೆ ಬೇಕಾಗಬಹುದು. ಗುಂಡಿ ದೊಡ್ಡದು ಮಾಡಬೇಡಿ. ಮಣ್ಣು ಎಷ್ಟು ಕಡಿಮೆ ಅಲುಗಿದರೆ ಅಷ್ಟು ಒಳ್ಳೆಯದು, ಯಾಕೆಂದರೆ ಆ ಮಣ್ಣಿನಲ್ಲಿ ಹಳೆಯ ಬೀಜಗಳು ಬೆಳಕಿಗೆ ಕಾಯುತ್ತಿವೆ. ಜೆಸಿಬಿ ತರಿಸಿ ಒಂದೇ ದಿನದಲ್ಲಿ ಮುಗಿಸೋಣ ಎನ್ನುವ ಆಸೆಗೆ ನಾನು ಖಡಾಖಂಡಿತ ಬೇಡ ಅನ್ನುವುದು ಇದಕ್ಕೇ. ಅದು ಉಳಿದಿದ್ದ ಹುಲ್ಲಿನ ಬೇರನ್ನೂ ಎಬ್ಬಿಸಿ ಹಾಕುತ್ತದೆ, ಮಲಗಿದ್ದ ಬೀಜವನ್ನೂ ಎಬ್ಬಿಸುತ್ತದೆ.

ಬೇರು ತುಂಡಾದ ಮೇಲೆ ಪೊದೆಯನ್ನು ಎಳೆದು ತಿರುಗಿಸಿ. ಕೊಂಬೆ ಕೆಳಗೆ, ಬುಡ ಆಕಾಶಕ್ಕೆ. ಬುಡ ಮಣ್ಣಿಗೆ ತಾಗದೆ ಬಿಸಿಲಿಗೆ ಒಣಗಬೇಕು. ಇದನ್ನು ಸುಮ್ನೆ ಬಿಟ್ಟುಬಿಡುವವರು ಜಾಸ್ತಿ. ಒದ್ದೆ ನೆಲದ ಮೇಲೆ ಅಡ್ಡ ಬಿದ್ದ ಕಾಂಡ ಮತ್ತೆ ಬೇರು ಬಿಡುತ್ತದೆ. ನೆಲಕ್ಕೆ ಬಾಗಿ ಅಲ್ಲಲ್ಲಿ ಬೇರೂರಿದ ಉದ್ದ ಕೊಂಬೆಗಳಿದ್ದರೆ ಅವನ್ನೂ ಹುಡುಕಿ ಕತ್ತರಿಸಿ ಎತ್ತಿ ಹಾಕಿ. ಮರದ ಮೇಲೆ ಹತ್ತಿದ ಲಂಟಾನವನ್ನು ಎಳೆದು ಕೆಡವಲು ಹೋಗಬೇಡಿ. ಬುಡ ಕಡಿದು ಬಿಡಿ, ಮೇಲಿನದು ತಾನೇ ಒಣಗುತ್ತದೆ.

ಪೊದೆಯ ನಡುವೆ ಎಲ್ಲೋ ಒಂದು ನೆಲ್ಲಿಯ ಸಸಿ, ಬಿದಿರಿನ ಮೊಳಕೆ, ಮತ್ತಿ ಮರಿ ಉಸಿರು ಹಿಡಿದುಕೊಂಡು ನಿಂತಿರುತ್ತದೆ. ಅದಕ್ಕೆ ಮೊದಲೇ ಒಂದು ಬಣ್ಣದ ಬಟ್ಟೆ ಚೂರು ಕಟ್ಟಿ. ಕೆಲಸದ ಭರದಲ್ಲಿ ಅದೂ ಹೋದರೆ ಬಹಳ ನಷ್ಟ. ಹೊಸದಾಗಿ ನೆಟ್ಟ ಹತ್ತು ಸಸಿಗಿಂತ ಅಲ್ಲೇ ಹುಟ್ಟಿ ಉಳಿದ ಒಂದು ಸಸಿ ಮೇಲು.

ಔಷಧಿ, ಹುಳು, ಇತ್ಯಾದಿ

ಕಳೆನಾಶಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳ್ಳದ ಪಕ್ಕ, ಮೇಯುವ ಜಾಗದ ಪಕ್ಕ, ಉಳಿಸಬೇಕಾದ ಸಸಿಗಳ ನಡುವೆ ಸಿಂಪಡಿಸುವುದು ನನಗೆ ಒಪ್ಪಿಗೆ ಇಲ್ಲ. ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಪರವಾನಗಿ ಪಡೆದ ಕೀಟ ನಿಯಂತ್ರಣದವರಷ್ಟೇ ಬಳಸಬೇಕು ಎಂದು ಕೇಂದ್ರ ಸರ್ಕಾರ 2022ರಲ್ಲಿ ಆದೇಶವನ್ನೂ ಹೊರಡಿಸಿತ್ತು.

ಹುಳು ಬಿಟ್ಟು ಲಂಟಾನ ತಿನ್ನಿಸುವ ಪ್ರಯತ್ನ ಇವತ್ತಿನದಲ್ಲ. 1902ರಲ್ಲಿ ಹವಾಯಿಯಲ್ಲಿ ಶುರುವಾಯಿತು. ಆಮೇಲೆ ಆಸ್ಟ್ರೇಲಿಯಾ ಹತ್ತಾರು ಬಗೆಯ ಕೀಟಗಳನ್ನು ಬಿಟ್ಟು ನೋಡಿತು. ಭಾರತಕ್ಕೂ 1921ರಲ್ಲಿ ಒಂದು, 1941ರಲ್ಲಿ ಇನ್ನೊಂದು ಕೀಟ ತಂದದ್ದುಂಟು. ಅಲ್ಲಲ್ಲಿ ಎಲೆ ಉದುರಿತು, ಗಿಡ ಸಾಯಲಿಲ್ಲ. ಲಂಟಾನ ಒಂದು ಗಿಡ ಅನ್ನುವುದಕ್ಕಿಂತ ನೂರಾರು ಬೆರಕೆ ಗಿಡಗಳ ಗುಂಪು. ಒಂದು ಬಗೆ ಹಿಡಿಸಿದ ಕೀಟಕ್ಕೆ ಪಕ್ಕದ ಬಗೆ ಹಿಡಿಸುವುದಿಲ್ಲ. ಎಲೆ ಹೋದರೆ ಗಿಡ ಮಳೆಗೆ ಮತ್ತೆ ಚಿಗುರುತ್ತದೆ. ಉಗಾಂಡದಲ್ಲಿ ಇಂಥ ಒಂದು ತಿಗಣೆ ಎಳ್ಳಿನ ಬೆಳೆಗೂ ಬಾಯಿ ಹಾಕಿತು. ಆದ್ದರಿಂದ ಯಾರಾದರೂ ಹುಳು ತಂದು ಬಿಡೋಣ ಎಂದರೆ ದಯವಿಟ್ಟು ಬೇಡ ಎನ್ನಿ. ಅದು ಪ್ರಯೋಗಾಲಯದವರ ಕೆಲಸ.

ಕಿತ್ತದ್ದನ್ನು ಏನು ಮಾಡುವುದು

ಒಣಗಿದ ಪೊದೆಯನ್ನು ಅಲ್ಲೇ ಕೊಳೆಯಲು ಬಿಡಬಹುದು. ಹೊಸ ಸಸಿಗಳ ಸುತ್ತ ಮುಳ್ಳುಬೇಲಿಯಾಗಿ ಒಡ್ಡಬಹುದು, ದನ ಬಾಯಿ ಹಾಕುವುದಿಲ್ಲ. ಒಲೆಗೆ ಸೌದೆ ಆಗುತ್ತದೆ. ಆದರೆ ಬೇಸಿಗೆಯಲ್ಲಿ ಒಂದೇ ಕಡೆ ದೊಡ್ಡ ರಾಶಿ ಹಾಕಬೇಡಿ, ಕಿಡಿ ಬಿದ್ದರೆ ಕಷ್ಟ.

ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಸೋಲಿಗ ಕುಟುಂಬಗಳು ಇದರಿಂದ ಕುರ್ಚಿ, ಮೇಜು, ಬುಟ್ಟಿ ಮಾಡುತ್ತಾರೆ. ನೇರವಾದ ಕಾಂಡಗಳನ್ನು ಆರಿಸಿ, ನೀರಿನಲ್ಲಿ ಬೇಯಿಸಿ, ತೊಗಟೆ ಸುಲಿದು, ಬಿಸಿ ಇರುವಾಗಲೇ ಬಗ್ಗಿಸುತ್ತಾರೆ. ಗೆದ್ದಲು ಹಿಡಿಯುವುದು ಕಡಿಮೆ. ನೀಲಗಿರಿ ಕಡೆಯ ಬುಡಕಟ್ಟು ಕುಶಲಕರ್ಮಿಗಳು ಲಂಟಾನದಿಂದ ಕಟ್ಟಿದ ಆಳೆತ್ತರ ಮೀರಿದ ಆನೆಗಳು 2021ರಲ್ಲಿ ಲಂಡನ್ನಿಗೂ ಹೋಗಿ, 2024ರಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲೂ ನಿಂತಿದ್ದವು. ನಿಮ್ಮ ಹತ್ತಿರ ಇಂಥ ಕೆಲಸ ಮಾಡುವವರಿದ್ದರೆ ಕಾಂಡಗಳನ್ನು ಅವರಿಗೆ ಕೊಡಿ. ಒಂದು ಎಚ್ಚರಿಕೆ ಮಾತ್ರ. ಕಾಂಡ ಬೇಕೆಂದು ನೆಲದ ಮೇಲೆ ಕತ್ತರಿಸಿಕೊಂಡು ಹೋದರೆ ಗಿಡ ಮತ್ತೆ ಚಿಗುರುತ್ತದೆ. ಕಾಂಡ ಕೊಯ್ದ ಪೊದೆಯ ಕುತ್ತಿಗೆಯನ್ನೂ ಅದೇ ದಿನ ತೆಗೆಯುವ ಮಾತಾಗಲಿ.

ಮೊದಲ ಮಳೆ ಬಿದ್ದ ಮೇಲೆ

ಹೆಚ್ಚಿನವರು ಸೋಲುವುದು ಇಲ್ಲಿ. ಪೊದೆ ಹೋಗಿದೆ, ಮನಸ್ಸು ಹಗುರಾಗಿದೆ, ಮತ್ತೆ ಆ ಕಡೆ ಹೋಗುವುದಿಲ್ಲ. ಮಣ್ಣಿನಲ್ಲಿದ್ದ ಬೀಜಗಳಿಗೆ ಈಗ ಬೆಳಕು ಸಿಕ್ಕಿದೆ, ಮಳೆ ಸಿಕ್ಕಿದೆ. ಸಾಲು ಸಾಲಾಗಿ ಏಳುತ್ತವೆ.

ಮಳೆ ಶುರುವಾಗಿ ನಾಲ್ಕೈದು ವಾರಕ್ಕೆ ಒಮ್ಮೆ ಹೋಗಿ. ಮೊಳಕೆ ಗೇಣುದ್ದ ಆಗುವುದರೊಳಗೆ ಒದ್ದೆ ಮಣ್ಣಿನಲ್ಲಿ ಬೆರಳಿಂದಲೇ ಬರುತ್ತದೆ. ಮಕ್ಕಳೂ ಕೀಳಬಹುದು, ಮುಳ್ಳು ಇನ್ನೂ ಬಲಿತಿರುವುದಿಲ್ಲ. ಮೊದಲು ನಕ್ಷೆಯಲ್ಲಿ ಗುರುತು ಹಾಕಿದ ಮರಗಳ ಬುಡಕ್ಕೆ, ಆಮೇಲೆ ನೀರಿನ ದಾರಿಗೆ ಹೋಗಿ. ಮಳೆಗಾಲ ಮುಗಿಯುವ ಹೊತ್ತಿಗೆ ಇನ್ನೊಂದು ಸುತ್ತು. ಆಗ ತಪ್ಪಿಸಿಕೊಂಡ ಹಳೆಯ ಬುಡಗಳ ಚಿಗುರೂ ಕಾಣುತ್ತದೆ, ಅವಕ್ಕೆ ಮತ್ತೆ ಪಿಕಾಸಿ. ಎರಡನೇ ವರ್ಷವೂ ಇದೇ. ಮೂರನೇ ವರ್ಷ ಒಂದು ಸುತ್ತು ಸಾಕಾಗಬಹುದು. ಆದರೆ ಹಕ್ಕಿಗಳು ಪಕ್ಕದ ಜಮೀನಿನಿಂದ ಬೀಜ ತರುತ್ತಲೇ ಇರುತ್ತವೆ, ಹಾಗಾಗಿ ವರ್ಷಕ್ಕೊಮ್ಮೆ ನೋಡುವುದನ್ನು ಬಿಡುವ ಹಾಗಿಲ್ಲ. ಪಕ್ಕದವರನ್ನೂ ಮಾತಾಡಿಸಿ. ಅವರ ಬೇಲಿ ಸಾಲಿನ ಲಂಟಾನ ತೆಗೆಯಲು ನೀವೇ ಒಂದು ದಿನ ಕೈ ಹಾಕಿದರೂ ನಿಮಗೇ ಲಾಭ.

ಲಂಟಾನ ಒಂದೇ ಅಲ್ಲ, ತೆರವಾದ ಜಾಗಕ್ಕೆ ಪಾರ್ಥೇನಿಯಂ ಬರುತ್ತದೆ, ಕಮ್ಯೂನಿಸ್ಟ್ ಗಿಡ ಬರುತ್ತದೆ. ಬಂಡೀಪುರ, ನಾಗರಹೊಳೆ ಕಡೆ ಹಳದಿ ಹೂವಿನ ಸೆನ್ನ ಮರವೂ ಹಬ್ಬುತ್ತಿದೆ. ಮೊಳಕೆ ಕೀಳುವಾಗ ಇವನ್ನೂ ಕೀಳಿ.

ಖಾಲಿ ಜಾಗ ಖಾಲಿ ಬಿಡಬೇಡಿ

ನೆಲವನ್ನು ಬೇಗ ಮುಚ್ಚುವುದು ಹುಲ್ಲು. ಸುತ್ತಮುತ್ತ ಲಂಟಾನ ಇಲ್ಲದ ಕಡೆ ಯಾವ ಹುಲ್ಲು ತಾನಾಗಿ ಬೆಳೆದಿದೆ ನೋಡಿ. ಮಳೆಗಾಲ ಕಳೆದು ಅದರ ತೆನೆ ಒಣಗಿದಾಗ ಸವರಿ ಬೀಜ ಕೂಡಿಟ್ಟುಕೊಳ್ಳಿ. ಮುಂದಿನ ಬೇಸಿಗೆ ಲಂಟಾನ ತೆಗೆದ ಜಾಗದಲ್ಲಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಎಳೆಯಿರಿ. ಅಂಗಡಿಯ ಮೇವಿನ ಹುಲ್ಲಿನ ಬೀಜಕ್ಕಿಂತ ಅಲ್ಲಿನದೇ ಹುಲ್ಲು ಗಟ್ಟಿ. ಹೋದ ವರ್ಷವೇ ಬೀಜ ಕೂಡಿಸಿಟ್ಟುಕೊಂಡು ಆಮೇಲೆ ಪೊದೆಗೆ ಕೈ ಹಾಕಿದರೆ ಇನ್ನೂ ಒಳ್ಳೆಯದು.

ಮರಗಳಿಗೆ ಆತುರ ಬೇಡ. ಒಂದು ಮಳೆಗಾಲ ಕಾದು ನೋಡಿ, ತಾವಾಗಿ ಏನೇನು ಏಳುತ್ತದೆ ಅಂತ. ಮುತ್ತುಗ, ತಾರೆ, ಹೊನ್ನೆ, ದಿಂಡಿಗ, ಹತ್ತಿರದಲ್ಲಿ ತಾಯಿಮರ ಇದ್ದರೆ ಸಸಿ ಬಂದೇ ಬರುತ್ತದೆ. ಬಾರದಿದ್ದ ಕಡೆ ಮಾತ್ರ ನೆಡಿ. ಬೇಲಿಗೆ ಲಂಟಾನವೇ ಬೇಕಿತ್ತು ಎನ್ನುವವರಿಗೆ ಲಕ್ಕಿ ಗಿಡ ಇದೆ, ಕವಳೆ ಇದೆ. ಲಕ್ಕಿಯನ್ನೂ ದನ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಕವಳೆಯಲ್ಲಿ ಮುಳ್ಳೂ ಇದೆ, ಹಣ್ಣೂ ಇದೆ. ಮೊದಲ ಎರಡು ವರ್ಷ ಅಲ್ಲಿ ದನ ಮೇಯಿಸಬೇಡಿ. ಎಳೆ ಹುಲ್ಲು ಬೇರು ಬಿಡುವ ಮೊದಲೇ ಮೇದರೆ ಆ ಜಾಗ ಮತ್ತೆ ಬೋಳಾಗುತ್ತದೆ, ಬೋಳಾದ ಕಡೆ ಮೊದಲು ಏಳುವುದು ಯಾವುದು ಎಂದು ಈಗ ನಿಮಗೇ ಗೊತ್ತು.

ಕೊನೆಗೆ ಮನೆಯ ಅಂಗಳದ ಮಾತು. ನರ್ಸರಿಗಳಲ್ಲಿ ಕುಬ್ಜ ಲಂಟಾನ, ಹಳದಿ ಲಂಟಾನ ಅಂತ ಕುಂಡದಲ್ಲಿ ಮಾರುತ್ತಾರೆ. ಇದರಲ್ಲಿ ಬೀಜ ಆಗುವುದಿಲ್ಲ ಅನ್ನುತ್ತಾರೆ. ಆದರೆ ಆ ಮಾತು ಎಲ್ಲ ಬಗೆಗೂ ನಿಜವಲ್ಲ. ಕೆಲವು ಅಲಂಕಾರದ ಬಗೆಗಳು ಕಾಡು ಲಂಟಾನದ ಜೊತೆ ಬೆರೆಯಬಲ್ಲವು, ಬೆರೆತು ಇನ್ನೊಂದು ಹೊಸ ಬಗೆ ಹುಟ್ಟಬಲ್ಲದು. ಅಂಗಳದಲ್ಲಿ ಚಿಟ್ಟೆ ಬೇಕಾದರೆ ಕೇಪಳ ನೆಡಿ. ಈಗಾಗಲೇ ಲಂಟಾನದ ಕುಂಡ ಇದ್ದರೆ ಈ ಸಂಜೆಯೇ ಹೋಗಿ ಅದರಲ್ಲಿ ಹಸಿರು ಕಾಯಿ ಕಟ್ಟಿದೆಯೇ ನೋಡಿ. ಕಟ್ಟಿದ್ದರೆ ಗೊಂಚಲು ಕತ್ತರಿಸಿ, ಚೀಲಕ್ಕೆ ಹಾಕಿ ಬಾಯಿ ಕಟ್ಟಿಡಿ. ಆಮೇಲೆ ಗಿಡವನ್ನು ಕುಂಡದಿಂದ ಎಬ್ಬಿಸಿ, ಬುಡ ಮೇಲಾಗಿಸಿ ಬಿಸಿಲಿಗೆ ಇಡಿ.